ಕೆಮ್ಮಜ್ಜನ ಏಳನೆಯ ದೋಷ

ಜೂನ್ ೪

ಮಗಳೇ,

ಬಂದು ಸೇರಿದೆ. ರೈಲಿನಲ್ಲಿ ಎದುರಿಗೆ ಕುಳಿತಿದ್ದ ಹೆಂಗಸು ದಾರಿಯುದ್ದಕ್ಕೂ ತನ್ನ ಸೊಸೆಯನ್ನು ಬೈದಳು, ನಾನು ದಾರಿಯುದ್ದಕ್ಕೂ ಹೂಂಗುಟ್ಟಿದೆ. ಇಬ್ಬರಿಗೂ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ನನ್ನ ಗೆಳತಿ ನರ್ಸಮ್ಮ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಾಳೆ. ಆಯುಷ್ಯವಿಡೀ ಕಂಡವರ ಕಾಲಿಗೆ ಪಟ್ಟಿ ಸುತ್ತಿದವಳಿಗೆ ಈಗ ತನ್ನ ಸರದಿ. ಮೂಳೆ ಕೂಡುವವರೆಗೆ ನಾನು ಇಲ್ಲೇ ಇರಬೇಕು. ಎಷ್ಟು ದಿನ ಎಂದು ಕೇಳಬೇಡ, ನಮ್ಮ ವಯಸ್ಸಿನ ಮೂಳೆಗಳಿಗೆ ಅವಸರ ಇರುವುದಿಲ್ಲ.

ಫೋನ್ ಯಾಕೆ ಮಾಡಲಿಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ಶುರುಮಾಡಿದರೆ ನನ್ನ ಸರದಿ ಬರುವ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ. ಕಾಗದದಲ್ಲಿ ಯಾರೂ ಅಡ್ಡಬಾಯಿ ಹಾಕುವಂತಿಲ್ಲ. ಹಾಗಾಗಿ ಕಾಗದ.

ಈಗ ಮುಖ್ಯ ಮಾತು. ಕೆಮ್ಮಜ್ಜನನ್ನು ಮಾರಿಬಿಡು. ನಿನ್ನಮ್ಮ ತೀರಿಕೊಂಡ ವರ್ಷವೇ ನಾನು ಈ ಕಾರು ಕೊಂಡದ್ದು. ಮುಂದಿನ ಎಡಗಡೆಯ ಸೀಟಿನಲ್ಲಿ ನಿನ್ನನ್ನು ಕೂರಿಸಿಕೊಂಡು, ಹಿಂದೆ ಬೀದಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕೆಮ್ಮಜ್ಜ ಎಂಬ ಹೆಸರಿಟ್ಟವರೂ ಆ ಮಕ್ಕಳೇ. ಅವನ ಕಾಲ ಮುಗಿಯಿತು. ಬೇಸಿಗೆ ರಜೆಗೆ ಮುಂಚೆ ಅವನು ನಡುರಸ್ತೆಯಲ್ಲಿ ನಿಂತುಬಿಟ್ಟಾಗ, ಮಕ್ಕಳನ್ನು ಇಳಿಸಿ ಕೈಹಿಡಿದು ನಡೆಸಿಕೊಂಡು ಹೋದೆನಲ್ಲ, ಅವತ್ತೇ ತೀರ್ಮಾನ ಮಾಡಿದೆ. ಎಂಜಿನ್ ಹೋಗಿದೆ. ರಿಪೇರಿಯ ಗೋಜು ಬೇಡ. ಬಂದಷ್ಟಕ್ಕೆ ಕೊಟ್ಟುಬಿಡು. ಕಾಗದಪತ್ರಗಳಿಗೆಲ್ಲ ಸಹಿ ಹಾಕಿ ಮೇಜಿನ ಮೇಲಿಟ್ಟಿದ್ದೇನೆ.

ನಾನು ವಾಪಸು ಬರುವಷ್ಟರಲ್ಲಿ ಅಂಗಳ ಖಾಲಿ ಇರಬೇಕು. ಇದೊಂದು ಮಾತು ನಡೆಸಿಕೊಡು.

ಹೊತ್ತಿಗೆ ಸರಿಯಾಗಿ ಉಣ್ಣು. ಲೋಕ ಉದ್ಧಾರ ಮಾಡುವವರಿಗೂ ಹೊಟ್ಟೆ ಇರುತ್ತದೆ.

ದೊಡ್ಡಮ್ಮ


ಜೂನ್ ೯

ದೊಡ್ಡಮ್ಮ,

ಫೋನಿನ ಬಗ್ಗೆ ನೀನು ಹೊರಿಸಿದ ಆರೋಪ ಏಕಪಕ್ಷೀಯ. ಆದರೂ ಕಾಗದ ನನಗೆ ಒಪ್ಪಿಗೆ. ಮಾತು ಗಾಳಿಗೆ ಹೋಗುತ್ತದೆ, ಬರೆದದ್ದಕ್ಕೆ ಬರೆದವರು ಹೊಣೆಯಾಗುತ್ತಾರೆ.

ಗ್ರೀಸಣ್ಣನನ್ನು ಕರೆಸಿದೆ. ಅವನು ಗ್ಯಾರೇಜು ಮುಚ್ಚಿಕೊಂಡೇ ಬಂದ, ನಿನ್ನ ಗಾಡಿ ಎಂದರೆ ಅವನಿಗೆ ಸ್ವಂತ ಮನೆಯ ಗಾಡಿ ಇದ್ದಂತೆ. ಬಾನೆಟ್ ಎತ್ತಿ, ಎಂಜಿನ್ ಬೆಚ್ಚಗಾಗಿಸುವ ಹೀಟರ್ ಕಾಯಿಸಿ, ಕೀಲಿ ತಿರುಗಿಸಿದ. ಕೆಮ್ಮಜ್ಜ ಒಮ್ಮೆ ಕೆಮ್ಮಿದ, ಎರಡು ಸಲ ಕ್ಯಾಕರಿಸಿದ, ಆಮೇಲೆ ಎದ್ದ. ಅಂಗಳವಿಡೀ ಹೊಗೆ. ಪಕ್ಕದ ಮನೆಯ ದರ್ಜಿ ಒಣಹಾಕಿದ್ದ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಓಡಿದ.

ಗ್ರೀಸಣ್ಣ ಅಂದ, "ತಂಗೀ, ಪಿಸ್ಟನ್ ರಿಂಗ್ ಸವೆದಿದೆ, ಆಯಿಲ್ ಕುಡೀತಾನೆ. ಹೆಡ್ ಗ್ಯಾಸ್ಕೆಟ್ ಒಸರ್ತಿದೆ, ನೀರೂ ಕುಡೀತಾನೆ. ಡೀಸೆಲ್ಲಂತೂ ಇದ್ದದ್ದೇ. ಮೂರೂ ಕುಡಿಯೋ ಗಂಡಸನ್ನ ಯಾರು ಕಟ್ಕೊಳ್ತಾರೆ ಹೇಳು?"

ಇಂಥ ಹಾಸ್ಯ ನನಗೆ ಒಪ್ಪಿಗೆಯಿಲ್ಲ ಎಂದೆ.

"ಒಪ್ಪದಿದ್ರೆ ನಗಬೇಡಮ್ಮ," ಅಂದ. ಆಗಲೇ ನಕ್ಕುಬಿಟ್ಟಿದ್ದೆ.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ನನಗೆ ತಿಳಿದದ್ದೆಲ್ಲ ಪ್ರೆಸ್ಸಿನಲ್ಲಿ ಮಡಚುತ್ತಾ ಮಡಚುತ್ತಾ ಓದಿದ ಕರಪತ್ರಗಳಿಂದ ಬಂದದ್ದು. ಈ ವಾರ ಮಡಚಿದ್ದರಲ್ಲಿ ಒಂದು ಸಾಲಿತ್ತು: ಕೊಳ್ಳುವವನ ಅಜ್ಞಾನದಿಂದ ಬಂದ ಲಾಭ ಕಳವಿನ ಮಾಲು. ಅದನ್ನು ಓದಿ ಮನೆಗೆ ಬಂದವಳೇ ಹಳೆಯ ಭಿತ್ತಿಪತ್ರವೊಂದರ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಬರೆದು ಕೆಮ್ಮಜ್ಜನ ಮುಂದಿನ ಗಾಜಿಗೆ ಅಂಟಿಸಿದೆ. ಹೀಗೆ:

"ಮಾರಾಟಕ್ಕಿದೆ. ಡೀಸೆಲ್ ಕಾರು. ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ. ಇದರ ದೋಷಗಳು. ಒಂದು, ಬೆಳಿಗ್ಗೆ ಸುಲಭಕ್ಕೆ ಏಳುವುದಿಲ್ಲ. ಎರಡು, ಏಳುವಾಗ ಬಿಳಿ ಹೊಗೆ, ಎದ್ದ ಮೇಲೆ ನೀಲಿ ಹೊಗೆ. ಮೂರು, ಎಂಜಿನ್ ಆಯಿಲ್ ಕುಡಿಯುತ್ತದೆ. ನಾಲ್ಕು, ನೀರೂ ಕುಡಿಯುತ್ತದೆ, ಎಂಜಿನ್ ಬಿಚ್ಚಿ ರಿಪೇರಿ ಮಾಡಿಸದೆ ದೂರ ಹೋಗುವಂತಿಲ್ಲ. ಐದು, ಬಲಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಕೂಗುತ್ತದೆ. ಆರು, ಎಡಗಡೆ ಮೈತುಂಬ ಗೀರು, ಎಡಗಡೆಯ ಕನ್ನಡಿ ಇಲ್ಲ. ಏಳು, ನಡುರಸ್ತೆಯಲ್ಲಿ ಹೇಳದೆ ಕೇಳದೆ ನಿಂತುಬಿಡುತ್ತದೆ."

ಏಳನೆಯದು ಗ್ರೀಸಣ್ಣನ ಕಣ್ಣಿಗೆ ಬೀಳಲಿಲ್ಲ. "ದೊಡ್ಡಮ್ಮ ಹೇಳಿದ್ರೆ ಇರುತ್ತೆ ಬಿಡು," ಅಂದ. ಹಾಗಾಗಿ ಸೇರಿಸಿದೆ.

ಅದು ಸರಿ, ಬಲಗಡೆ ಒಂದು ಗೀರೂ ಇಲ್ಲದೆ ಎಡಗಡೆ ಮಾತ್ರ ಹುಲಿ ಪರಚಿದ ಹಾಗಿದೆಯಲ್ಲ, ಯಾಕೆ? ನಮ್ಮ ಗೇಟಿನ ಕಂಬದ ಕೆಲಸವೇ ಇರಬೇಕು. ಕಟ್ಟಿದವನು ಅದನ್ನು ಒಂದು ಮೊಳ ಆಚೆಗೆ ಕಟ್ಟಬೇಕಿತ್ತು. ಕಾಂಟ್ರಾಕ್ಟರುಗಳ ಬಗ್ಗೆಯೇ ಒಂದು ಕರಪತ್ರ ಬರಬೇಕು.

ನರ್ಸಮ್ಮನ ಕಾಲಿಗೆ ನನ್ನ ನಮಸ್ಕಾರ.

ನಿನ್ನ ಮಗಳು


ಜೂನ್ ೧೫

ನನ್ನ ಕರಪತ್ರವೇ,

ನಿನ್ನ ಜಾಹೀರಾತನ್ನು ನರ್ಸಮ್ಮ ಗಟ್ಟಿಯಾಗಿ ಓದಿದಳು. ನಾಲ್ಕನೆಯ ದೋಷಕ್ಕೆ ಬರುವಷ್ಟರಲ್ಲಿ ಅವಳಿಗೆ ನಗು ನೆತ್ತಿಗೇರಿ, ಕೆಮ್ಮುತ್ತಾ ಅಡುಗೆಮನೆಗೆ ಓಡಿ ನೀರು ಕುಡಿದು ಬಂದು ಮಿಕ್ಕದ್ದನ್ನು ಓದಿದಳು. "ಈ ಹುಡುಗಿ ಆಸ್ಪತ್ರೇಲಿ ಇದ್ದಿದ್ರೆ ಹುಟ್ಟಿದ ಕೂಸಿನ ಕೊರಳಿಗೂ ಒಂದು ಬೋರ್ಡ್ ತಗುಲಿಸ್ತಿದ್ಳು" ಎನ್ನುತ್ತಾಳೆ.

ಕೇಳು. ಕೆಲಸ ಕೇಳಲು ಹೋದವನು ಬಾಗಿಲಲ್ಲೇ ನಿಂತು ತನ್ನ ಗೊರಕೆಯ ವಿಷಯ ಹೇಳುತ್ತಾನೆಯೇ? ಸುಳ್ಳು ಹೇಳು ಎನ್ನುತ್ತಿಲ್ಲ ನಾನು. ಕೇಳಿದ್ದಕ್ಕೆ ನಿಜ ಹೇಳು, ಕೇಳದ್ದನ್ನು ನಿನ್ನಲ್ಲೇ ಇಟ್ಟುಕೋ. ಹೇಳದೆ ಇರುವುದು ಸುಳ್ಳಲ್ಲ ಮಗಳೇ. ಎಷ್ಟೋ ಸಂಸಾರಗಳು ನಿಂತಿರುವುದೇ ಅದರ ಮೇಲೆ.

ದೋಷ ಬರೆದೆ, ಗುಣ ಯಾಕೆ ಬರೆಯಲಿಲ್ಲ? ಮಳೆಯಲ್ಲಿ ನೆನೆದ ಮಕ್ಕಳ ಕಾಲುಚೀಲ ಅವನ ಬಾನೆಟ್ಟಿನ ಮೇಲೆ ಒಣಗುತ್ತಿದ್ದವು. ಅವನು ಎಂದೂ ಗಾಳಿಯಂತೆ ಓಡಲಿಲ್ಲ, ಎಂದೂ ತಡವಾಗಿಯೂ ತಲುಪಲಿಲ್ಲ. ಶಾಲೆಯ ಬೆಲ್ಲು ಹೊಡೆಯುವ ಜವಾನ ನಮ್ಮ ಹೊಗೆ ಕಂಡ ಮೇಲೆಯೇ ಬೆಲ್ಲಿಗೆ ಕೈ ಹಾಕುತ್ತಿದ್ದ.

ಇಲ್ಲಿ ನನಗೆ ಕೆಲಸವೇನೂ ಇಲ್ಲ. ಕಿಟಕಿಯಾಚೆ ಆಸ್ಪತ್ರೆಯ ಗೋಡೆ, ಗೋಡೆಯ ಪಕ್ಕ ಹಣ್ಣಿನ ಗಾಡಿ. ಸಂಜೆ ಬೀದಿಯಲ್ಲಿ ಕಾರುಗಳು ಹೋಗುತ್ತವೆ. ಸದ್ದಿನಲ್ಲೇ ಯಾವ ಗೇರಿನಲ್ಲಿದೆ ಎಂದು ಹೇಳುತ್ತೇನೆ. ನರ್ಸಮ್ಮ ಎದ್ದು ಇಣುಕಿ ನೋಡಿ "ನಿಂಗೆ ಹುಚ್ಚು" ಎನ್ನುತ್ತಾಳೆ.

ಆ ಬೋರ್ಡು ಕಿತ್ತು ಹಾಕು. ಬೇಗ ಮಾರು.

ದೊಡ್ಡಮ್ಮ


ಜೂನ್ ೨೪

ದೊಡ್ಡಮ್ಮ,

ಹೇಳದೆ ಇರುವುದು ಸುಳ್ಳಲ್ಲ ಎಂದು ಬರೆದಿದ್ದೀ. ಅದೇ ಸುಳ್ಳಿನ ಹೆತ್ತತಾಯಿ. ಗಿರಣಿಯ ಹೊಗೆಯಲ್ಲಿ ಏನಿದೆ ಎಂದು ಹೇಳದೆ ಇದ್ದವರು ಯಾರು? ಔಷಧದ ಬಾಟಲಿಯ ಮೇಲೆ ಅರ್ಧ ಮಾತ್ರ ಅಚ್ಚು ಹಾಕಿಸುವವರು ಯಾರು? ಎಲ್ಲರೂ ನಿನ್ನ ಮಾತನ್ನೇ ಹೇಳುತ್ತಾರೆ, "ಯಾರೂ ಕೇಳಲಿಲ್ಲ" ಎಂದು. ನೀನು ಅವರ ಸಾಲಿನಲ್ಲಿ ನಿಲ್ಲುವುದನ್ನು ನನಗೆ ಸಹಿಸಲಾಗುವುದಿಲ್ಲ. ಬೋರ್ಡು ಇದ್ದಲ್ಲೇ ಇದೆ. ಕೆಳಗೆ ಕಾಲುಚೀಲದ ವಿಷಯವನ್ನೂ ಸೇರಿಸಿದ್ದೇನೆ, ಅದೂ ನಿಜವಾದ್ದರಿಂದ.

ಆದರೆ ಒಂದು ವಿಚಿತ್ರ ನಡೆದಿದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಯಾರೂ ನಂಬುತ್ತಿಲ್ಲ. ಮೊದಲು ಒಬ್ಬ ತರಕಾರಿ ಮಂಡಿಯವನು ಬಂದ. ಬೋರ್ಡನ್ನು ಮೇಲಿಂದ ಕೆಳಗೆ ಓದಿದ. ಆಮೇಲೆ ಕಾರಿನ ಕೆಳಗೆ ಬಗ್ಗಿ ನೋಡಿದ, ನನ್ನ ಮುಖ ನೋಡಿದ.

"ಏಳು ಹೇಳಿದ್ದೀಯ. ಎಂಟನೇದು ಏನು?"

"ಏಳೇ ಇರೋದು."

"ಅಲ್ಲಮ್ಮ, ಇಷ್ಟನ್ನ ಬಾಯಿಬಿಟ್ಟು ಹೇಳೋಳು ಇನ್ನೆಷ್ಟನ್ನ ಹೊಟ್ಟೇಲಿ ಇಟ್ಕೊಂಡಿರ್ಬೇಕು! ನಾನೂ ವ್ಯಾಪಾರ ಮಾಡೋನೇ. ಕೊಳೆತ ಟೊಮೇಟೋನ ಮೇಲಿಟ್ರೆ ಕೆಳಗಿರೋದು ಅದಕ್ಕಿಂತ ಕಡೆ ಅಂತ ಅರ್ಥ."

ಅವನು ಹೋದ. ಬಾಡಿಗೆ ಸಾಮಾನಿನ ಅಂಗಡಿಯ ಗಂಡ ಹೆಂಡತಿ ಬಂದರು. ಹೆಂಡತಿ ಪಿಸುಗುಟ್ಟಿದಳು, "ಇದರಲ್ಲಿ ಯಾರಾದ್ರೂ ಸತ್ತಿರ್ಬೇಕು ಕಣ್ರೀ." ಒಬ್ಬ ಕಾಲೇಜು ಹುಡುಗ ಬೋರ್ಡಿನ ಫೋಟೋ ಹಿಡಿದುಕೊಂಡು ನಗುತ್ತಾ ಹೋದ. ಹಾಸಿಗೆ ಹೊಲಿಯುವ ಒಬ್ಬ ಅಣ್ಣ ಮಾತ್ರ ದಿನವೂ ಕೆಲಸಕ್ಕೆ ಹೋಗುವಾಗ ನಿಂತು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿ, ಏನೂ ಕೇಳದೆ ಹೋಗುತ್ತಾನೆ. ಮೈಮೇಲೆಲ್ಲ ಹತ್ತಿಯ ಎಳೆ. ಅವನಿಗೆ ಓದುವುದೇ ಇಷ್ಟವಿರಬೇಕು.

ಗುಜರಿಯವನೂ ಬಂದಿದ್ದ. ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾನಂತೆ. ಬಾಗಿಲಲ್ಲೇ ಬೈದು ಕಳಿಸಿದೆ. ದುಡಿದು ಸೋತವರನ್ನು ತೂಕಕ್ಕೆ ಹಾಕುವುದು ಬೇರೆಯವರ ನ್ಯಾಯ, ನನ್ನದಲ್ಲ.

ಅವಸರವೇನು ದೊಡ್ಡಮ್ಮ? ಅವನು ಅಂಗಳದಲ್ಲಿ ಇದ್ದರೆ ಏನು ಭಾರ? ನೀನು ಬಂದ ಮೇಲೆ ಇಬ್ಬರೂ ಕೂತು ಯೋಚಿಸೋಣ. ನನ್ನ ತಲೆಯಲ್ಲಿ ಬೇರೊಂದು ಆಲೋಚನೆಯೂ ಇದೆ, ಈಗ ಬೇಡ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಅಕ್ಷರ ದಿನೇ ದಿನೇ ದೊಡ್ಡದಾಗುತ್ತಿದೆ. ಒಂದು ಹಾಳೆಯಲ್ಲಿ ಮುಗಿಯುವುದಕ್ಕೆ ನಾಲ್ಕು ಹಾಳೆ. ಸಾಲುಗಳೂ ಏರುಹಾದಿ ಹಿಡಿದಿವೆ. ಕಾಗದವೆಂದರೆ ಮರ.

ನಿನ್ನ ಮಗಳು


ಜುಲೈ ೧

ಮಗಳೇ,

ನಾನು ಕ್ಷಮೆ ಕೇಳಿದೆ ಎಂದು ಮರಗಳಿಗೆ ಹೇಳು.

ನೀನು ಬರೆದದ್ದು ಸರಿಯೇ ಇರಬಹುದು. ನಾನು ಓದಿದವಳಲ್ಲ, ಗಿರಣಿಯವರ ಸಾಲಿನಲ್ಲಿ ನಿಂತವಳು. ಆದರೆ ಇಷ್ಟು ವರ್ಷದಲ್ಲಿ ನಿನ್ನಲ್ಲಿ ನಾನು ಕೇಳಿದ್ದು ಎಷ್ಟು? ಈ ಒಂದು ಕೆಲಸ ಕೇಳಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾಯಿತು ನಮ್ಮ ವ್ಯಾಪಾರ.

ಗುಜರಿಯವನನ್ನೇ ಕರೆ. ಬಿಚ್ಚಿಕೊಂಡು ಹೋಗಲಿ. ನನಗೆ ದುಃಖವಿಲ್ಲ. ಕಬ್ಬಿಣಕ್ಕೆ ಯಾರು ದುಃಖಪಡುತ್ತಾರೆ? ಅವನು ಅಂಗಳದಲ್ಲಿ ಇರುವವರೆಗೆ ನಾನು ಮನೆಗೆ ಬರುವುದಿಲ್ಲ. ಕಾರಣ ಕೇಳಬೇಡ.

ನರ್ಸಮ್ಮನಿಗೆ ಗುಣವಾಗುತ್ತಿದೆ.

ದೊಡ್ಡಮ್ಮ


ಜುಲೈ ೧೭

ದೊಡ್ಡಮ್ಮ,

ಇಷ್ಟು ದಿನ ಬರೆಯಲಿಲ್ಲ. ಕೋಪ ಬಂದಿತ್ತು. ಕಬ್ಬಿಣ ಎಂದೆಯಲ್ಲ, ಅದಕ್ಕೆ. ನನಗೆ ಜ್ವರ ಬಂದ ದಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಊರೆಲ್ಲ ಸುತ್ತಿಸಿದ್ದು ನೀನು. ಎಂಜಿನ್ನಿನ ಸದ್ದಿಗೆ ನಾನು ನಿದ್ದೆ ಹೋಗುತ್ತೇನೆ ಎಂದು ಕಂಡುಹಿಡಿದವಳು ನೀನು. ಆಗ ಅವನು ಕಬ್ಬಿಣವಾಗಿರಲಿಲ್ಲ. ನನ್ನ ಮೇಲೆ ಮುನಿಸಿದ್ದರೆ ನನ್ನನ್ನು ಬೈ, ಅವನನ್ನಲ್ಲ.

ಆಮೇಲೆ ಕೋಪ ಇಳಿಯಿತು. ಗುಜರಿಯವನಿಗೆ ಹೇಳಿಕಳಿಸಲು ಹೊರಟೆ ಕೂಡ. ಅಷ್ಟರಲ್ಲಿ ಬೋರ್ಡಿನ ಮುಂದೆ ನಿಂತಾಗ ಒಂದು ವಿಷಯ ನನ್ನನ್ನು ತಡೆಯಿತು.

ಏಳನೆಯ ದೋಷ ನಿಜವಲ್ಲ.

ಒಂದು ತಿಂಗಳಿಂದ ಗ್ರೀಸಣ್ಣ ಬೆಳಿಗ್ಗೆ ಬೆಳಿಗ್ಗೆ ಅವನನ್ನು ಓಡಿಸಿ ನೋಡುತ್ತಿದ್ದಾನೆ, ಮುಚ್ಚಿದ ಗಿರಣಿಯ ಹಿಂದಿನ ಮೈದಾನದಲ್ಲಿ. ಕೆಮ್ಮುತ್ತಾನೆ, ಹೊಗೆ ಬಿಡುತ್ತಾನೆ, ನೀರು ಕೇಳುತ್ತಾನೆ. ಆದರೆ ಒಂದು ದಿನವೂ ಒಂದು ಸಲವೂ ಓಡುತ್ತಾ ಓಡುತ್ತಾ ನಿಂತಿಲ್ಲ. ಓಡಿಸುವಾಗ ಏನೇನೋ ತಪ್ಪು ಮಾಡಿ, ಕ್ಲಚ್ಚನ್ನು ದಿಢೀರನೆ ಬಿಟ್ಟರೂ ತಡಬಡಿಸಿಕೊಂಡು ಮುಂದೆ ಹೋಗುತ್ತಾನೆ. "ಈ ಎಂಜಿನ್ನು ಹತ್ತು ಕಾಯಿಲೆ ಇಟ್ಕೊಂಡಿರ್ಬಹುದು ತಂಗೀ, ಆದ್ರೆ ದಾರೀಲಿ ಕೈಬಿಡೋ ಜಾತಿಯಲ್ಲ. ತಾನಾಗಿ ನಿಲ್ಲಲ್ಲ, ಯಾರಾದ್ರೂ ನಿಲ್ಲಿಸ್ಬೇಕು," ಎನ್ನುತ್ತಾನೆ ಗ್ರೀಸಣ್ಣ.

ಇರುವ ದೋಷವನ್ನು ಮುಚ್ಚಿಡುವುದು ತಪ್ಪು. ಇಲ್ಲದ ದೋಷವನ್ನು ಹೊರಿಸುವುದು ಅದಕ್ಕಿಂತ ದೊಡ್ಡ ತಪ್ಪು, ಅದೂ ಎದುರು ಮಾತಾಡಲಾರದವನ ಮೇಲೆ. ನಿನ್ನ ಮಾತು ನಂಬಿ ನನ್ನ ಕೈಯಾರೆ ಬರೆದೆ. ಅದು ಸುಳ್ಳಾಗಿದ್ದರೆ ಅಳಿಸಬೇಕು, ನಿಜವಾಗಿದ್ದರೆ ಇರಬೇಕು. ಗುಜರಿಗೇ ಹೋಗುವುದಾದರೂ ಅವನು ಆ ಆಪಾದನೆ ಹೊತ್ತುಕೊಂಡು ಹೋಗಬಾರದು.

ಅವತ್ತು ಏನಾಯಿತು ದೊಡ್ಡಮ್ಮ? ಅವನು ನಿಂತನೋ ಇಲ್ಲವೋ?

ಇಷ್ಟನ್ನು ಕೇಳುತ್ತಿದ್ದೇನೆ. ಕೇಳಿದ್ದಕ್ಕೆ ನಿಜ ಹೇಳಬೇಕು ಎಂದು ನೀನೇ ಬರೆದಿದ್ದೀ.

ಮಗಳು


ಜುಲೈ ೨೩

ಮಗಳೇ,

ಕೆಮ್ಮಜ್ಜ ನಿಲ್ಲಲಿಲ್ಲ. ನಾನು ನಿಲ್ಲಿಸಿದೆ.

ಬ್ರೆಡ್ಡಿನ ಅಂಗಡಿಯ ತಿರುವಿನಲ್ಲಿ ಎಡಗಡೆಯಿಂದ ಒಬ್ಬ ಸೈಕಲ್ಲಿನವನು ಬಂದ. ಬಂದ ಎಂದರೆ, ಮಕ್ಕಳು ಕಿರುಚಿದಾಗ ಬಂದ. ಅಲ್ಲಿಯವರೆಗೆ ನನ್ನ ಪಾಲಿಗೆ ಅಲ್ಲಿ ಖಾಲಿ ರಸ್ತೆ ಇತ್ತು. ಬ್ರೇಕು ಹಾಕಿದೆ. ಅವನು ಕಾಲು ಕೊಟ್ಟು ನಿಂತ, ಬೈದ, ಹೋದ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದು ಇವತ್ತಿಗೂ ಮಲಗುವ ಮುಂಚೆ ಒಮ್ಮೆ ಹೇಳಿಕೊಳ್ಳುತ್ತೇನೆ. ಕೈ ತಾನಾಗಿ ಹೋಗಿ ಕೀಲಿ ತಿರುಗಿಸಿತು. "ಯಾಕಜ್ಜಿ ಆಫ್ ಆಯ್ತು?" ಅಂದವು ಮಕ್ಕಳು. "ಎಂಜಿನ್ ಹೋಯ್ತು ಮಕ್ಕಳೇ, ಇಳೀರಿ, ಇವತ್ತು ನಡ್ಕೊಂಡು ಹೋಗೋಣ," ಅಂದೆ. ತಪ್ಪನ್ನು ಮುದುಕ ಕೆಮ್ಮಜ್ಜನ ಮೇಲೆ ಹಾಕಿಬಿಟ್ಟೆ. ಅವನು ಎದುರಾಡುವುದಿಲ್ಲವಲ್ಲ.

ನರ್ಸಮ್ಮನ ಕಾಲು ಮುರಿದಿಲ್ಲ. ಅವಳು ಜಿಂಕೆಯ ಹಾಗಿದ್ದಾಳೆ. ನಿನ್ನ ಕಾಗದಗಳನ್ನು ಅವಳೇ ಓದಿ ಹೇಳುವುದು, ಸಣ್ಣ ಅಕ್ಷರ ನನಗೀಗ ಕೂಡಿಕೊಳ್ಳುವುದಿಲ್ಲ. ಕಿಟಕಿಯಾಚೆ ಇರುವುದು ಕಣ್ಣಿನ ಆಸ್ಪತ್ರೆ. ಕಣ್ಣಿನೊಳಗೆ ಒತ್ತಡ ಏರಿ ನೋಟವನ್ನು ಅಂಚಿನಿಂದ ತಿಂದುಕೊಂಡು ಬಂದಿದೆಯಂತೆ, ಸದ್ದಿಲ್ಲದೆ. ಎಡಗಣ್ಣಿನಲ್ಲಿ ಹೋದದ್ದು ಮತ್ತೆ ಬರುವುದಿಲ್ಲ. ಬಲಗಣ್ಣಿನಲ್ಲಿ ಇರುವುದನ್ನು ಉಳಿಸಲು ಆಗಸ್ಟ್ ಎಂಟಕ್ಕೆ ಆಪರೇಷನ್. "ನಿಮ್ಮವರು ಯಾರಾದ್ರೂ ಜೊತೇಲಿ ಬರ್ತಾರಾ?" ಎಂದು ಡಾಕ್ಟರಮ್ಮ ಕೇಳಿದರು. ಯಾರೂ ಇಲ್ಲ ಎಂದೆ. ನರ್ಸಮ್ಮ ಕೋಣೆಯಲ್ಲೇ ನನ್ನನ್ನು ಬೈದಳು.

ನಿನ್ನ ಗೇಟಿನ ಕಂಬ ಇದ್ದಲ್ಲೇ ಸರಿಯಾಗಿದೆ. ಪಾಪ, ಕಾಂಟ್ರಾಕ್ಟರನ ಮೇಲೆ ಕರಪತ್ರ ಬರೆಯಬೇಡ.

ಅಂಗಳ ಯಾಕೆ ಖಾಲಿ ಇರಬೇಕು ಎಂದರೆ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅವನು ಅಲ್ಲಿ ನಿಂತಿದ್ದು, ಯಾವುದೋ ಬೆಳಿಗ್ಗೆ ಮಕ್ಕಳು ಗೇಟಿಗೆ ಬಂದು "ಅಜ್ಜೀ" ಎಂದರೆ, ಇವತ್ತೊಂದು ದಿನ, ನಿಧಾನವಾಗಿ, ಎಂದು ನನ್ನ ಕೈ ಕೀಲಿಗೆ ಹೋಗುತ್ತದೆ. ಹೋಗಿಯೇ ಹೋಗುತ್ತದೆ. ಅದಕ್ಕೆ ಗುಜರಿಗಾದರೂ ಹಾಕು ಎಂದದ್ದು. ಆ ಮಾತು ಬರೆದ ದಿನ ನಾನು ಊಟ ಮಾಡಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಹೇಳಿದರೆ ಕೆಲಸ ಬಿಟ್ಟು ಓಡಿಬಂದು ಡಾಕ್ಟರಿಗೆ ಭಾಷಣ ಮಾಡುತ್ತೀ ಎಂಬುದು ನರ್ಸಮ್ಮನಿಗೆ ಹೇಳಿದ ಕಾರಣ. ನಿಜವಾದ ಕಾರಣ ಬೇರೆ. ಊರೆಲ್ಲ ನನ್ನನ್ನು ಡ್ರೈವರಮ್ಮ ಎನ್ನುತ್ತಿತ್ತು. ಅದು ಹೋದ ಮೇಲೆ ನಿನ್ನ ಮುಂದೆ ಏನಾಗಿ ಬಂದು ನಿಲ್ಲಲಿ ಎಂದು ತೋಚಲಿಲ್ಲ.

ಏಳನೆಯದನ್ನು ಅಳಿಸು. ಅದು ಅವನದಲ್ಲ, ನನ್ನದು.

ದೊಡ್ಡಮ್ಮ


ಜುಲೈ ೨೯

ದೊಡ್ಡಮ್ಮ,

ಈ ಕಾಗದದಲ್ಲಿ ಭಾಷಣವಿಲ್ಲ. ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಮರಗಳು ಸುಮ್ಮನಿರಲಿ. ನರ್ಸಮ್ಮನ ಕೈಗೆ ಕೊಡದೆ ನೀನೇ ಓದು.

ನಿನ್ನ ಕಾಗದವನ್ನು ಪ್ರೆಸ್ಸಿನಲ್ಲಿ ಮಡಚುವ ಮೇಜಿನ ಬಳಿ ನಿಂತು ಓದಿದೆ. ಆಮೇಲೆ ಹಿಂದಿನ ಕಾಗದಗಳನ್ನೂ ಸಾಲಾಗಿ ಹರಡಿದೆ. ನೀನು ಎಲ್ಲವನ್ನೂ ಬರೆದೇ ಇದ್ದೆ. ಮುರಿದ ಕಾಲಿನವಳು ಅಡುಗೆಮನೆಗೆ ಓಡಿದ್ದಳು. ಸಾಲುಗಳು ಏರುಹಾದಿ ಹಿಡಿದಿದ್ದವು. ಬೇರೆಯವರು ಮಾಡಿದ ಅಕ್ಷರತಪ್ಪನ್ನು ದೂರದಿಂದ ಹಿಡಿಯುವ ನಾನು, ನಿನ್ನ ಅಕ್ಷರ ದೊಡ್ಡದಾದಾಗ ಕಾಗದದ ಲೆಕ್ಕ ಹಾಕಿದೆ.

ಮನೆಗೆ ಬಂದು ಏಳನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದೆ. ಹಿಂದೆ ಹಾಸಿಗೆ ಹೊಲಿಯುವ ಅಣ್ಣ ನಿಂತಿದ್ದ. ಮೊದಲ ಸಲ ಬಾಯಿ ಬಿಟ್ಟ.

"ಏಳನೇದನ್ನ ಯಾಕಮ್ಮ ಹೊಡೆದು ಹಾಕ್ದೆ?"

"ಅದು ಗಾಡಿಯ ದೋಷ ಅಲ್ಲಣ್ಣ."

"ಮತ್ತೆ ಯಾರ್ದು?"

"ಯಾರದೂ ಅಲ್ಲ," ಅಂದೆ.

ಅವನು ಹತ್ತಿ ಅಂಟಿದ ತೋಳನ್ನು ಕೆರೆದುಕೊಂಡ. "ಅದೊಂದಕ್ಕೇ ನಾನು ಹಿಂದೆಮುಂದೆ ನೋಡ್ತಿದ್ದೆ. ಕೆಮ್ಮೋದು, ಕುಡಿಯೋದು, ಹೊಗೆ ಬಿಡೋದು, ಇವೆಲ್ಲ ನಮ್ಮಪ್ಪಂಗೂ ಇತ್ತು. ದಾರೀಲಿ ಕೈಬಿಡೋದು ಮಾತ್ರ ಇರ್ಬಾರ್ದು. ಕೊಡು, ತಗೊಳ್ತೀನಿ," ಅಂದ.

ಎಂಜಿನ್ ಬಿಚ್ಚಿಸಿ ಹೊಸ ರಿಂಗ್ ಹಾಕಿಸುತ್ತಾನೆ, ಗ್ರೀಸಣ್ಣನ ಕೈಯಲ್ಲೇ. ಅಲ್ಲಿಯವರೆಗೆ ಕೆಮ್ಮಜ್ಜ ಅವನ ಅಂಗಡಿಯ ಮುಂದೆ ನಿಂತಿರುತ್ತಾನೆ. ಆಮೇಲೆ ಅಣ್ಣ ಹಿಂದಿನ ಸೀಟು ತೆಗೆದು ದಿಂಬು, ಹಾಸಿಗೆ ಸಾಗಿಸುತ್ತಾನಂತೆ, ಊರೊಳಗೇ. "ಹತ್ತಿ ಹಗುರಮ್ಮ, ಮುದುಕನಿಗೆ ನೋಯಲ್ಲ," ಅಂದ. ಅವನನ್ನು ಯಾರೂ ಬಿಚ್ಚಿ ಮಾರುವುದಿಲ್ಲ ದೊಡ್ಡಮ್ಮ. ಇವತ್ತು ಊಟ ಮಾಡು.

ಈಗ ನಾನು ಹೇಳದೆ ಇದ್ದದ್ದು. ಬೆಳಿಗ್ಗೆ ಮೈದಾನದಲ್ಲಿ ಅವನನ್ನು ಓಡಿಸುತ್ತಿದ್ದದ್ದು ಗ್ರೀಸಣ್ಣನಲ್ಲ, ನಾನು. ಗ್ರೀಸಣ್ಣ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನೀನು ಕಲಿಸಲು ಬಂದಾಗಲೆಲ್ಲ, ಸ್ವಂತ ವಾಹನ ಎಂಬುದೇ ಅನ್ಯಾಯ ಎಂದು ಕರಪತ್ರ ಓದಿ ಹೇಳಿದವಳು ನಾನು. ಲೈಸೆನ್ಸೂ ಆಯಿತು. ನೀನು ವಾಪಸು ಬರುವ ದಿನ ಎಂಜಿನ್ ರಿಪೇರಿ ಮಾಡಿಸಿ, ನಾನೇ ಓಡಿಸಿಕೊಂಡು ಸ್ಟೇಷನ್ನಿಗೆ ಬಂದು, ನೀನು ಬೆರಗಾಗಿ ಬಾಯಿ ಬಿಡುವುದನ್ನು ನೋಡಬೇಕೆಂದಿದ್ದೆ. ಅದಕ್ಕೇ ಅವನನ್ನು ಬಿಡಲು ಮನಸ್ಸಿರಲಿಲ್ಲ, ಬೋರ್ಡಿನಿಂದಾಗಿ ಯಾರೂ ಕೊಳ್ಳದೆ ಹೋದಾಗ ಒಳಗೊಳಗೇ ಖುಷಿಯಾಗುತ್ತಿತ್ತು. ಹೇಳದೆ ಇರುವುದರ ಬಗ್ಗೆ ನಿನಗೆ ಪಾಠ ಹೇಳಿದವಳು ಇವಳು. ಅಲ್ಲಿ ನೀನು ಅಂಗಳ ಖಾಲಿಯಾಗಲಿ ಎಂದು ಕಾಯುತ್ತಿದ್ದೆ, ಇಲ್ಲಿ ನಾನು ನೀನು ಖುಷಿಪಡಲಿ ಎಂದು ಅವನನ್ನು ಹಿಡಿದುಕೊಂಡಿದ್ದೆ.

ನಿನ್ನೆ ನಾನೇ ಓಡಿಸಿಕೊಂಡು ಹೋಗಿ ಹಾಸಿಗೆಯಣ್ಣನ ಅಂಗಡಿಯ ಮುಂದೆ ನಿಲ್ಲಿಸಿದೆ. ಬ್ರೆಡ್ಡಿನ ಅಂಗಡಿಯ ತಿರುವಿನಲ್ಲಿ ಬಲಕ್ಕೆ ತಿರುಗಿಸಿದಾಗ ಹಾರ್ನ್ ಕೂಗಿತು. ಮಕ್ಕಳೆಲ್ಲ ಅಂಗಡಿಯಿಂದ ಹೊರಗೆ ಓಡಿಬಂದವು. ನಿನ್ನ ಬದಲು ನನ್ನ ಮುಖ ಕಂಡು ಸಪ್ಪಗಾದವು. ಅವು ಈಗ ಗುಂಪಾಗಿ ನಡೆದು ಹೋಗುತ್ತವೆ, ದಿನಕ್ಕೊಬ್ಬ ತಾಯಿಯೋ ತಂದೆಯೋ ಜೊತೆಗೆ. "ಡ್ರೈವರಜ್ಜಿ ಯಾವಾಗ ಬರ್ತಾರೆ? ಅವರ ಸರದಿ ಬಾಕಿ ಇದೆ," ಎನ್ನುತ್ತವೆ. ಕಾರಿನ ಮಾತು ಯಾರೂ ಎತ್ತಲಿಲ್ಲ. ನಿನ್ನ ಮಾತನ್ನೇ ಕೇಳಿದ್ದು.

ಅಂಗಳ ಖಾಲಿಯಾಗಿದೆ. ಆಯಿಲಿನ ಕಲೆ ಮಾತ್ರ ಇದೆ, ಅದನ್ನು ತೊಳೆಯಲಿಲ್ಲ.

ಆಗಸ್ಟ್ ಆರನೆಯ ತಾರೀಖು ಸಂಜೆಯ ರೈಲಿಗೆ ಅಲ್ಲಿಗೆ ಬರುತ್ತೇನೆ. ಡಾಕ್ಟರಮ್ಮನಿಗೆ ಹೇಳು, ನಿನ್ನವಳು ಒಬ್ಬಳಿದ್ದಾಳೆ ಎಂದು. ಇಷ್ಟು ವರ್ಷ ನಿನ್ನ ಎಡಗಡೆಯ ಸೀಟಿನಲ್ಲಿ ಕೂತೇ ದೊಡ್ಡವಳಾದೆ. ಇನ್ನು ಮುಂದೆಯೂ ಅದೇ ನನ್ನ ಜಾಗ. ಆ ಕಡೆಯಿಂದ ಬರುವುದನ್ನೆಲ್ಲ ನಾನು ನೋಡಿ ಹೇಳುತ್ತೇನೆ.

ನಿನ್ನ ಮಗಳು


ಆಗಸ್ಟ್ ೨

ಮಗಳೇ,

ನಾನೇ ಓದಿದೆ. ಇಡೀ ಮಧ್ಯಾಹ್ನ ಹಿಡಿಯಿತು. ನರ್ಸಮ್ಮ ಕೇಳಿದರೂ ಕೊಡಲಿಲ್ಲ.

ಕ್ಲಚ್ಚನ್ನು ದಿಢೀರನೆ ಬಿಟ್ಟದ್ದು ಯಾರು ಎಂದು ಆ ಕಾಗದ ಬಂದಾಗಲೇ ನನಗೆ ಸಂಶಯ ಬಂದಿತ್ತು. ಗ್ರೀಸಣ್ಣ ಹಾಗೆ ಬಿಡುವವನಲ್ಲ. ಇನ್ನು ಮೇಲೆ ನಿಧಾನವಾಗಿ ಬಿಡು, ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ.

ಆರಕ್ಕೆ ನಾನೂ ಸ್ಟೇಷನ್ನಿಗೆ ಬರುತ್ತೇನೆ. ಗಡಿಯಾರದ ಕೆಳಗಿನ ಬೆಂಚಿನಲ್ಲಿ ಕೂತಿರುತ್ತೇನೆ. ನನ್ನ ಎಡಗಡೆ ನಿನ್ನದೇ, ಯಾರಿಗೂ ಬಿಡುವುದಿಲ್ಲ. ಆದರೆ ಮೊದಲು ಬಲಗಡೆಯಿಂದ ಬಾ, ದೂರದಿಂದಲೇ, ನಿಧಾನವಾಗಿ. ನೀನು ನಡೆದುಕೊಂಡು ಬರುವುದನ್ನು ನಾನು ನೋಡಬೇಕು.

ದೊಡ್ಡಮ್ಮ